ಒಂದು ಚೀಲದ ಕೂಲಿ: ದಾವಣಗೆರೆಯ ಧಾನ್ಯ ಮಾರುಕಟ್ಟೆಯಿಂದ ಮಲಪ್ರಭೆ ದಂಡೆಗೆ

2019ರ ಪ್ರವಾಹದ ಹೊತ್ತಿನಲ್ಲಿ ದಾವಣಗೆರೆಯ ಒಂದು ಧಾನ್ಯ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರು, ಕಾಳು ಹಸನು ಮಾಡುವ ಹೆಣ್ಣುಮಕ್ಕಳು, ಗುಮಾಸ್ತರು ಒಂದು ಗುಂಪಾಗಿ ನೆರೆಗೆ ಸಿಕ್ಕವರಿಗೆ ಹಣ ಕೂಡಿಸಿದ ವಿವರ ಇದು. ಆ ಗುಂಪಿನ ಲೆಕ್ಕದ ಪುಸ್ತಕ ನೋಡಿ, ಅದರಲ್ಲಿದ್ದ ಹಲವರ ಜೊತೆ ಕೂತು ಮಾತಾಡಿ ಬರೆದಿದ್ದೇನೆ. ಯಾರ ಹೆಸರೂ ಹಾಕಿಲ್ಲ, ನೆರವು ಪಡೆದ ಊರಿನ ಹೆಸರೂ ಇಲ್ಲ. ಗುರುತು ಸಿಗುವಂಥ ಕೆಲವು ವಿವರ ಬಿಟ್ಟಿದ್ದೇನೆ. ಒಟ್ಟು ಮೊತ್ತ ಬರೆಯಬೇಡಿ ಅಂತ ಅವರೇ ಕೇಳಿಕೊಂಡರು. "ಎಷ್ಟು ಕೂಡ್ತು ಅನ್ನೋದು ಬ್ಯಾಡ, ಹೆಂಗೆ ಕೂಡ್ತು ಅನ್ನೋದು ಬರೀರಿ" ಅಂದರು. ಆ ಮಾತಿನಂತೆಯೇ ನಡೆದುಕೊಂಡಿದ್ದೇನೆ.

ಹಿನ್ನೆಲೆ

ಆ ವರ್ಷ ಆಗಸ್ಟ್ ಮೊದಲ ವಾರ ಪಶ್ಚಿಮ ಘಟ್ಟದಲ್ಲಿ ಮಳೆ ಜಡಿಯಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಮಲಪ್ರಭೆಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಅದು ತುಂಬಿ ನೀರು ಬಿಡಲೇಬೇಕಾಯಿತು. ಕೆಳಗೆ ಹೊಳೆ ಹೂಳು, ಒತ್ತುವರಿಯಿಂದ ಕಿರಿದಾಗಿತ್ತು. ರಾಮದುರ್ಗ, ನರಗುಂದ, ಬಾದಾಮಿ, ರೋಣ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಸರ್ಕಾರದ ಲೆಕ್ಕದಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ಪ್ರವಾಹಕ್ಕೆ ಸಿಕ್ಕಿದ್ದವು. ನಮ್ಮ ಜಿಲ್ಲೆಯಲ್ಲೂ ಹೊನ್ನಾಳಿ, ಹರಿಹರದ ಹೊಳೆ ಪಕ್ಕದ ಮನೆಗಳಿಗೆ ತುಂಗಭದ್ರೆಯ ನೀರು ಬಂದಿತ್ತು.

ಮಲಪ್ರಭೆ ಕಡೆಯ ಊರುಗಳಲ್ಲಿ ಹಳೆ ಮನೆಗಳು ಮಣ್ಣಿನವು. ಗೋಡೆ ಮಣ್ಣು, ಮೇಲ್ಮುದ್ದೆಯೂ ಮಣ್ಣು. ಇಂಥ ಮನೆ ನೀರು ನಿಂತಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದೇ ಜಾಸ್ತಿ. ನೆನೆದ ಗೋಡೆ ಬಿಸಿಲಿಗೆ ಬಿರುಕು ಬಿಟ್ಟು ಒಂದು ದಿನ ಕೂತುಬಿಡುತ್ತದೆ. ಅಂದರೆ ಟಿವಿಯವರು ವಾಪಸ್ ಹೋದ ಮೇಲೆ ಕಷ್ಟ ಶುರುವಾಗುತ್ತದೆ. ಈ ಪ್ರಕರಣದಲ್ಲಿ ಮುಂದೆ ಬರುವ ಎಲ್ಲ ನಿರ್ಧಾರಗಳ ಹಿಂದೆಯೂ ಈ ಸಂಗತಿ ಇದೆ.

ಇನ್ನು ದಾವಣಗೆರೆ ಮಾರುಕಟ್ಟೆಯ ವಿಷಯ. ಇಲ್ಲಿ ಮುಖ್ಯ ಸರಕು ಮೆಕ್ಕೆಜೋಳ. ಜೂನ್, ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್ ಕೊನೆಯಿಂದ ಬರಲು ಶುರುವಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗಸ್ಟ್ ಮಾತ್ರ ಸಪ್ಪೆ ಕಾಲ. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಚೀಲ ಬರದಿದ್ದರೆ ಕೂಲಿಯೂ ಇಲ್ಲ. ಅವರಲ್ಲಿ ಹಲವರು ಜಗಳೂರು ಕಡೆಯಿಂದ ಬರ ಕಂಡು ಬಂದವರು. ದಾನ ಕೇಳಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ ಅಂತ ಎಲ್ಲರಿಗೂ ಅನ್ನಿಸಿತ್ತು.

ಸಮಸ್ಯೆ

ಶುರುವಿನಲ್ಲಿ ಗುಂಪು ಎಲ್ಲರೂ ಮಾಡುವುದನ್ನೇ ಮಾಡಿತು. ಗಾಡಿಗೆ ಮೈಕ್ ಕಟ್ಟಿಕೊಂಡು, ನಾಲ್ಕು ಮೂಲೆ ಹಿಡಿದ ಬಟ್ಟೆ ಚಾಚಿಕೊಂಡು ಮಂಡಿಪೇಟೆ, ಅಶೋಕ ರಸ್ತೆ ಸುತ್ತಿದರು. ಮೈಕಿನಲ್ಲಿ ಜಿಲ್ಲೆ ಎಷ್ಟು, ತಾಲ್ಲೂಕು ಎಷ್ಟು, ಬಿದ್ದ ಮನೆ ಎಷ್ಟು ಅನ್ನುವ ದೊಡ್ಡ ದೊಡ್ಡ ಲೆಕ್ಕ. ಜನ ಹತ್ತು, ಇಪ್ಪತ್ತು ರೂಪಾಯಿ ಹಾಕಿದರು. ಒಬ್ಬ ಅಂಗಡಿಯವರು ನೋಟು ಹಾಕುತ್ತಲೇ, "ಬೆಳಗ್ಗೆಯಿಂದ ನೀವು ಮೂರನೇ ಗುಂಪು ಕಣಪ್ಪಾ. ಯಾರ ದುಡ್ಡು ಎಲ್ಲಿಗೆ ಹೋಗ್ತತಿ ಯಾರಿಗೆ ಗೊತ್ತು?" ಅಂದರಂತೆ. ಆ ಮಾತಲ್ಲಿ ಸಿಟ್ಟಿಗಿಂತ ಬೇಸರ ಜಾಸ್ತಿ ಇತ್ತು ಅಂತ ಬಟ್ಟೆ ಹಿಡಿದಿದ್ದ ಹುಡುಗ ನೆನೆಸಿಕೊಂಡ.

ಬೇಸರಕ್ಕೆ ಕಾರಣವೂ ಇತ್ತು. 2009ರ ನೆರೆಯಲ್ಲೂ ಇದೇ ಜನ ಕೊಟ್ಟಿದ್ದರು. ಆಗ ದಾನಿಗಳ ನೆರವಿನಲ್ಲಿ 'ಆಸರೆ' ಮನೆಗಳು ಎದ್ದವು. ಆದರೆ ಹೊಲ ದೂರ, ದನ ಕಟ್ಟಲು ಜಾಗ ಇಲ್ಲ ಅಂತ ಎಷ್ಟೋ ಕುಟುಂಬಗಳು ಹಳೆ ಊರಲ್ಲೇ ಉಳಿದವು. ಹತ್ತು ವರ್ಷದ ಮೇಲೆ ಮತ್ತೆ ಅದೇ ಹೊಳೆ, ಅದೇ ಊರು. ಕೊಟ್ಟವರಿಗೆ ನಾವು ಕೊಟ್ಟಿದ್ದು ಏನಾಯ್ತು ಅನ್ನಿಸುವುದು ಸಹಜ ಅಲ್ವಾ?

ಹಣ ಬರಲಿಲ್ಲ, ಬಟ್ಟೆ ಬಂತು. ಬೇಡ ಅಂದರೂ ಬಂತು. ಒಂದು ಗೋದಾಮಿನ ಮೂಲೆಯಲ್ಲಿ ಎದೆಯೆತ್ತರ ಗುಡ್ಡೆ ಆಯಿತು. ಕಾಳು ಹಸನು ಮಾಡುವ ಹೆಣ್ಣುಮಕ್ಕಳು ಅದನ್ನು ವಿಂಗಡಿಸಲು ಕೂತರು. ಇವರ ಕೈ ಬಹಳ ಚುರುಕು. ಕಲ್ಲು, ಹೊಟ್ಟು, ಜೊಳ್ಳು ಬೇರೆ ಮಾಡಿದಷ್ಟೇ ಬೇಗ ಬಟ್ಟೆಯನ್ನೂ ಬೇರೆ ಮಾಡಿದರು. ಹರಿದ ಸೀರೆ ಒಂದು ಕಡೆ. ಗುಂಡಿ ಕಿತ್ತ ಅಂಗಿ ಒಂದು ಕಡೆ. ಒಂಟಿ ಚಪ್ಪಲಿ. ಸ್ಕೂಲ್ ಟೈ. ರವಿಕೆಗಳದ್ದೇ ಒಂದು ದೊಡ್ಡ ರಾಶಿ. ಒಬ್ಬಾಕೆ ಒಂದು ರವಿಕೆ ಎತ್ತಿ ಹಿಡಿದು, "ಇದು ಯಾರದೋ ಅಳತೆಗೆ ಹೊಲಿಸಿದ್ದು. ಇನ್ನೊಬ್ಬಳಿಗೆ ಹೆಂಗೆ ಆಗ್ತತಿ? ಮೇಲೆ ಇಲ್ಲದಿದ್ರೂ ನಡೀತತಿ ಅಕ್ಕಾ, ಒಳಗಿನ ಬಟ್ಟೆ ಇಲ್ಲದೆ ಅವರು ಹೆಂಗೆ ಇರ್ತಾರೆ? ಅದನ್ನ ಯಾರೂ ಕೊಟ್ಟಿಲ್ಲ ನೋಡ್ರಿ" ಅಂದಳು. ಕೊನೆಗೆ ಉಡಲು ಯೋಗ್ಯವಾದದ್ದು ಗುಡ್ಡೆಯಲ್ಲಿ ಸಣ್ಣ ಪಾಲು. ಉಳಿದದ್ದನ್ನು ಲಾರಿಗೆ ಹಾಕಿದರೆ ಬಾಡಿಗೆ ದಂಡ, ಅಲ್ಲಿ ಇಳಿಸಿದರೆ ಅವರಿಗೆ ಕಸ. 2004ರ ಸುನಾಮಿ ಆದ ಮೇಲೆ ತಮಿಳುನಾಡಿನ ಕರಾವಳಿಯಲ್ಲೂ ಹೀಗೆಯೇ ಹಳೆ ಬಟ್ಟೆಯ ರಾಶಿ ರಸ್ತೆ ಬದಿಯಲ್ಲಿ ಬಿದ್ದಿತ್ತು.

ಆ ಹೆಣ್ಣುಮಕ್ಕಳ ಮಾತಿನ ಮೇಲೆ ಗುಂಪು ಎರಡು ತೀರ್ಮಾನ ಮಾಡಿತು. ಬಟ್ಟೆ ತೆಗೆದುಕೊಳ್ಳುವುದು ಬಂದ್. ಯಾರಾದರೂ ತಂದರೆ ಕೈ ಮುಗಿದು ವಾಪಸ್ ಕಳಿಸುವುದು. ಇದು ಕೇಳಲು ಸುಲಭ. ಮನೆಯಿಂದ ಚೀಲ ಹೊತ್ತು ತಂದವರಿಗೆ ಬೇಡ ಅನ್ನುವುದು ಕಷ್ಟ. ಕೆಲವರು ಮುನಿಸಿಕೊಂಡರು, ಮತ್ತೆ ಆ ಕಡೆ ಬರಲಿಲ್ಲ.

ತಿರುವು

ಹಿರಿಯ ಹಮಾಲರೊಬ್ಬರು ಒಂದು ಸಂಜೆ ಚಹಾ ಅಂಗಡಿ ಮುಂದೆ ಹೇಳಿದ ಮಾತು ದಾರಿ ಬದಲಿಸಿತು. "ಸಾವ್ಕಾರ್ರನ್ನ ಕೇಳೋಕಿಂತ ಮೊದಲು ನಾವು ಕೊಡಾಣ. ದಿನಕ್ಕೊಂದು ಚೀಲದ ಕೂಲಿ. ಒಂದೇ ಚೀಲ. ಚೀಲ ಬರಲಿಲ್ಲ ಅಂದ್ರೆ ಆವತ್ತು ಇಲ್ಲ."

ಈ ಮಾತಿನೊಳಗೆ ಏನೇನಿದೆ ನೋಡಿ. ಎಷ್ಟು ಕೊಡಬೇಕು ಅನ್ನುವ ಪೇಚಾಟ ಹೋಯಿತು. ಅಳತೆ ಅವರ ಬೆನ್ನಿಗೇ ಗೊತ್ತಿರುವ ಅಳತೆ. ಕೆಲಸ ಇಲ್ಲದ ದಿನ ಭಾರ ಇಲ್ಲ. ಮತ್ತೆ, ಇದು ಒಂದೇ ಸಲ ಕೊಟ್ಟು ಕೈ ತೊಳೆದುಕೊಳ್ಳುವ ದಾನ ಅಲ್ಲ. ದಿನಾ ನಡೆಯುವಂಥದ್ದು. ಮೆಕ್ಕೆಜೋಳದ ಕಾಲ ಬಂದು ದಿನಾ ಕೆಲಸ ಸಿಕ್ಕಾಗ ಡಬ್ಬಿಯೂ ದಿನಾ ತುಂಬುತ್ತದೆ. ಊರು ಕಟ್ಟಿಕೊಳ್ಳಲು ಹಣ ಬೇಕಾಗುವುದೂ ಆಗಲೇ.

ಕೂಲಿಯಲ್ಲಿ ಅಂಗಡಿಯವರೇ ಹಿಡಿದುಕೊಂಡು ಬಟವಾಡೆ ಮಾಡಲಿ, ಸುಲಭ ಆಗುತ್ತೆ ಅಂತ ಒಬ್ಬ ಗುಮಾಸ್ತರು ಹೇಳಿದರು. ಅದರಿಂದ ಹಣ ಜಾಸ್ತಿ ಬರುತ್ತಿತ್ತು, ನಿಜ. ಆದರೆ ಹಮಾಲರು ಒಪ್ಪಲಿಲ್ಲ. ಹಿಡಿದುಕೊಂಡರೆ ಅದು ಕಡಿತ, ದಾನ ಅಲ್ಲ ಅನ್ನುವುದು ಅವರ ವಾದ. ಮನೆಯಲ್ಲಿ ಕಾಯಿಲೆ ಇದ್ದವನು, ಸಾಲ ಇದ್ದವನು ಎಲ್ಲರೆದುರು ಬೇಡ ಅನ್ನಬೇಕಾಗುತ್ತದೆ. ಹಾಗಾಗಿ ತೂಕದ ಕಟ್ಟೆ ಹತ್ತಿರ ಬೀಗ ಹಾಕಿದ ಡಬ್ಬಿ ಇಟ್ಟರು. ಯಾರು ಹಾಕಿದರು, ಯಾರು ಹಾಕಲಿಲ್ಲ ಬರೆಯುವಂತಿಲ್ಲ. ಸಂಜೆ ಮೂರು ಜನರ ಎದುರು ಎಣಿಸಿ, ದಿನದ ಮೊತ್ತ ಮಾತ್ರ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು: ಬಂದದ್ದು, ಖರ್ಚಾದದ್ದು, ಉಳಿದದ್ದು. ಹಣ ಯಾರ ಸ್ವಂತ ಖಾತೆಗೂ ಹೋಗಬಾರದು ಅಂತ ಹಮಾಲರ ಸಂಘದ ಹೆಸರಲ್ಲಿ ಬೇರೆ ಪಾಸ್‌ಬುಕ್ ಮಾಡಿಸಿದರು. ಎರಡು ಸಹಿ ಇಲ್ಲದೆ ಹಣ ತೆಗೆಯಲು ಬರುವುದಿಲ್ಲ.

ಹಲಗೆ ಮೇಲೆ ಅಂಕಿ ಕಾಣಿಸಿದ ಮೇಲೆ ದಲಾಲಿ ಅಂಗಡಿಗಳ ಕಡೆ ಹೋದರು. ಕೇಳಿದ್ದು ಇಷ್ಟೇ: "ಸಾವ್ಕಾರ್ರೆ, ನಾವು ಎಷ್ಟು ಹಾಕಿದೀವೋ ಅಷ್ಟು ನೀವೆಲ್ಲ ಸೇರಿ ಹಾಕ್ರಿ." ಅದೇ ಬಟ್ಟೆ ಚಾಚಿದಾಗ ಇಪ್ಪತ್ತು ರೂಪಾಯಿ ಕೊಟ್ಟಿದ್ದ ಅಂಗಡಿಯವರು ಈಗ ಕುರ್ಚಿ ಹಾಕಿ ಕೂರಿಸಿ ಮಾತಾಡಿದರು. ತಮ್ಮ ಚೀಲ ಹೊರುವವನು ಕೊಟ್ಟಿದ್ದಾನೆ, ಅದೂ ಸಪ್ಪೆ ಕಾಲದಲ್ಲಿ. ಇಲ್ಲ ಅನ್ನುವುದು ಹೇಗೆ?

ಅಂಗಡಿಯವರ ಪ್ರಶ್ನೆಗಳು

ಅವರು ಕೇಳಿದ್ದು ಗಟ್ಟಿ ಪ್ರಶ್ನೆಗಳೇ. ಮೊದಲನೆಯದು ರಸೀದಿ. ಆಗಿನ ನಿಯಮದಲ್ಲಿ ದಾನ ಕೊಟ್ಟದ್ದಕ್ಕೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಬೇಕು ಅಂದರೆ ಅದಕ್ಕೆ ಅನುಮತಿ ಪಡೆದ ನಿಧಿ ಅಥವಾ ಸಂಸ್ಥೆಗೇ ಕೊಡಬೇಕಿತ್ತು. ನಗದು ಕೊಟ್ಟರೆ 2,000 ರೂಪಾಯಿ ದಾಟುವಂತಿರಲಿಲ್ಲ. ಅಕ್ಕಿ, ಬಟ್ಟೆ, ಸಾಮಾನು ಕೊಟ್ಟರೆ ರಿಯಾಯಿತಿ ಇರಲೇ ಇಲ್ಲ. ಗುಂಪಿಗೆ ಅಂಥ ಅನುಮತಿ ಇರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿದರು. ದೊಡ್ಡ ಮೊತ್ತ ಕೊಡುವವರಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ನೇರವಾಗಿ ಚೆಕ್ ಬರೆಯಿರಿ, ಅಲ್ಲಿ ಕೊಟ್ಟದ್ದಕ್ಕೆ ಪೂರ್ತಿ ರಿಯಾಯಿತಿ ಸಿಗುತ್ತೆ ಅಂದರು. ಆ ಚೆಕ್ಕಿನ ಜೆರಾಕ್ಸ್ ತೋರಿಸಿದರೆ ಅದನ್ನೂ ಅಂಗಡಿಗಳ ಪಾಲಿಗೆ ಜಮಾ ಹಿಡಿಯುತ್ತೇವೆ ಅಂದರು. ನನ್ನ ಪ್ರಕಾರ ಇಡೀ ಪ್ರಕರಣದ ಅತ್ಯಂತ ಜಾಣ ಹೆಜ್ಜೆ ಇದು. ತಮ್ಮ ಡಬ್ಬಿ ತುಂಬಬೇಕು ಅನ್ನುವ ಹಟ ಅವರಿಗಿರಲಿಲ್ಲ. ಅದು ಕಂಡದ್ದರಿಂದಲೇ ಡಬ್ಬಿಯ ಮೇಲೆ ನಂಬಿಕೆ ಬಂತು.

ಎರಡನೆಯದು, "ನಮ್ಮ ಹರಿಹರ, ಹೊನ್ನಾಳಿ ಬಿಟ್ಟು ಅಷ್ಟು ದೂರ ಯಾಕೆ?" ಇದಕ್ಕೆ ಜಗಳವೇ ಆಯಿತು. ಕೊನೆಗೆ ಮೊದಲ ವಾರದ ಹಣವನ್ನು ಹೊಳೆ ಪಕ್ಕದ ನಮ್ಮ ಜಿಲ್ಲೆಯವರಿಗೇ ಖರ್ಚು ಮಾಡಿದರು. ಗಂಜಿ ಕೇಂದ್ರದಿಂದ ಮನೆಗೆ ಹೋಗುವವರಿಗೆ ಚಾಪೆ, ಹೊದಿಕೆ, ಒಂದಿಷ್ಟು ಪಾತ್ರೆ. ಆಮೇಲೆ ಮಲಪ್ರಭೆ ದಂಡೆಯ ಒಂದೇ ಒಂದು ಊರನ್ನು ಹಿಡಿದುಕೊಂಡರು. ಆ ಊರೇ ಯಾಕೆ ಅಂದರೆ, ಒಬ್ಬ ಹಮಾಲರ ಹೆಂಡತಿಯ ತವರು ಅದು. ಫೋನ್ ಮಾಡಿದರೆ ನಿಜ ಹೇಳುವವರು ಅಲ್ಲಿದ್ದರು.

ಒಂದೇ ಊರು ಅಂತ ಆದದ್ದೇ ತಡ, ಜನರ ಮಾತೇ ಬದಲಾಯಿತು. ಮೈಕಿನ 22 ಜಿಲ್ಲೆಗಳಿಗೆ ಅಲುಗಾಡದವರು "ಆ ಊರಲ್ಲಿ ಇವತ್ತು ಏನಾಯ್ತಂತೆ?" ಅಂತ ಕೇಳತೊಡಗಿದರು. ಇದು ಬರೀ ನಮ್ಮವರ ಸ್ವಭಾವ ಅಲ್ಲ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೆಯೇ ಕಂಡಿತ್ತು. ಲಕ್ಷಾಂತರ ಜನರ ಹಸಿವಿನ ಅಂಕಿ ಓದಿದವರಿಗಿಂತ, ಮಾಲಿ ದೇಶದ ಒಬ್ಬಳು ಪುಟ್ಟ ಹುಡುಗಿಯ ಕಥೆ ಓದಿದವರು ಜಾಸ್ತಿ ಕೊಟ್ಟಿದ್ದರು. ಕಥೆಯ ಜೊತೆಗೆ ಅಂಕಿಯನ್ನೂ ಸೇರಿಸಿದಾಗ ಕೊಡುವುದು ಮತ್ತೆ ಕಡಿಮೆಯಾಗಿತ್ತು.

ಆದರೆ ಇದರಲ್ಲಿ ಒಂದು ಅಪಾಯವೂ ಇದೆ. ಒಬ್ಬರ ಮುಖ ತೋರಿಸಿದರೆ ಹಣ ಬರುತ್ತದೆ ಅಂದಮೇಲೆ ಮುಖ ತೋರಿಸುವ ಆಸೆಯೂ ಬರುತ್ತದೆ. ಒಬ್ಬ ವ್ಯಾಪಾರಿ, ಕಿಟ್ ಕೊಡುವಾಗ ಫೋಟೋ ತೆಗೆಯಲೇಬೇಕು, ಬ್ಯಾನರ್‌ನಲ್ಲಿ ಅಂಗಡಿ ಹೆಸರು ಇರಬೇಕು ಅಂದರು. ಬೇರೆ ಕಡೆಯ ಅಂಥ ಒಂದು ಫೋಟೋ ಆಗ ಮೊಬೈಲಿನಲ್ಲಿ ಓಡಾಡುತ್ತಿತ್ತು. ಅಕ್ಕಿ ಪೊಟ್ಟಣಕ್ಕೆ ಎಂಟು ಕೈ, ತೆಗೆದುಕೊಳ್ಳುವ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಕಾಳು ಹಸನು ಮಾಡುವವರಲ್ಲಿ ಹಿರಿಯಾಕೆ ಅದನ್ನು ನೋಡಿ, "ನಮ್ಮನ್ನ ಹಿಂಗೆ ನಿಲ್ಲಿಸಿದ್ರೆ ನಾವು ತಗಂತಿದ್ವಾ?" ಅಂತ ಕೇಳಿದಳು. ಯಾರೂ ಎದುರು ಮಾತಾಡಲಿಲ್ಲ. ಸಾಮಾನಿನ ಫೋಟೋ, ಅಂಗಡಿ ಬಿಲ್ಲಿನ ಫೋಟೋ ಸಾಕು, ತೆಗೆದುಕೊಳ್ಳುವವರ ಫೋಟೋ ಬೇಡ ಅಂತ ಗೊತ್ತು ಮಾಡಿದರು. ಆ ವ್ಯಾಪಾರಿ ಹಿಂದೆ ಸರಿದರು. ಅವರು ಕೊಡಬೇಕಿದ್ದ ಮೊತ್ತ ದೊಡ್ಡದಿತ್ತು. ಅದು ನಷ್ಟವೇ. ಆದರೂ ಈ ನಷ್ಟ ತಡೆದುಕೊಂಡದ್ದು ಸರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕೊಡುವವರು ಬೇರೆ ಸಿಗುತ್ತಾರೆ. ಬೀದಿಗೆ ಬಿದ್ದ ಹೆಂಗಸಿನ ಮರ್ಯಾದೆಯನ್ನು ಯಾವ ಕಿಟ್ಟೂ ತುಂಬಿಕೊಡುವುದಿಲ್ಲ.

ಏನು ಕಳಿಸಿದರು

ಊರಿನಿಂದ ಬಂದ ಪಟ್ಟಿಯಲ್ಲಿ ಅಕ್ಕಿ ಇರಲಿಲ್ಲ. ಅಕ್ಕಿ, ರೊಟ್ಟಿ ಆಗಲೇ ಸಾಕಷ್ಟು ಬಂದಿತ್ತು. ಪಟ್ಟಿಯಲ್ಲಿದ್ದದ್ದು ಬೇರೆ: ತಾಡಪತ್ರಿ, ರೊಟ್ಟಿ ಹಂಚು, ಹಿಟ್ಟು ನಾದುವ ಪರಾತ, ಕೊಡ, ಒಳಬಟ್ಟೆ, ಪ್ಯಾಡ್, ದನಕ್ಕೆ ಮೇವು. ಹಂಚು ಕೇಳಿದ್ದು ಮೊದಲು ಗಂಡಸರಿಗೆ ವಿಚಿತ್ರ ಅನ್ನಿಸಿತಂತೆ. ಹೆಂಗಸರಿಗೆ ತಕ್ಷಣ ಗೊತ್ತಾಯಿತು. ಹಂಚು ಬಂದರೆ ಬೇರೆಯವರ ರೊಟ್ಟಿಗೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಮೇವು ಮಾತ್ರ ಇಲ್ಲಿಂದಲೇ ಹೋಯಿತು. ಭದ್ರಾ ಕಾಲುವೆ ಕಡೆಯ ರೈತರು ಭತ್ತದ ಹುಲ್ಲು ಕೊಟ್ಟರು. ಉಳಿದದ್ದನ್ನು ದಾವಣಗೆರೆಯಲ್ಲಿ ಕೊಳ್ಳದೆ, ಹುಬ್ಬಳ್ಳಿ ದಾಟಿ ಆ ಊರಿಗೆ ಹತ್ತಿರದ ಪೇಟೆಯಲ್ಲೇ ಕೊಂಡರು. ಲಾರಿ ಬಾಡಿಗೆ ಉಳಿಯಿತು. ನೀರಿಗೆ ಸಿಕ್ಕು ವ್ಯಾಪಾರ ಇಲ್ಲದೆ ಕೂತಿದ್ದ ಅಲ್ಲಿನ ಅಂಗಡಿಗಳಿಗೂ ನಾಲ್ಕು ಕಾಸು ಸಿಕ್ಕಿತು. ಇದರಿಂದ ಒಂದು ತೊಂದರೆಯೂ ಆಯಿತು. ಲಾರಿ ತುಂಬುವುದನ್ನು ನೋಡಿದರೆ ಕೊಟ್ಟವರಿಗೆ ಒಂದು ಸಮಾಧಾನ. ಹಣ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಪ್ರತಿ ಸಲ ಹಮಾಲರಲ್ಲಿ ಬೇರೆ ಒಬ್ಬರನ್ನು ಜೊತೆಗೆ ಕಳಿಸಿದರು. ಅವರು ಬಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಕಂಡದ್ದು ಹೇಳುವುದು, ಬಿಲ್ಲನ್ನು ಹಲಗೆ ಪಕ್ಕ ಅಂಟಿಸುವುದು ರೂಢಿಯಾಯಿತು.

ಹಾಗೆ ಹೋಗಿಬಂದ ಒಬ್ಬರು ಒಂದು ಮುಖ್ಯ ವಿಷಯ ತಂದರು. ಸರ್ಕಾರ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಆದರೆ ಆ ಊರಿನಲ್ಲಿ ಬಾಡಿಗೆಗೆ ಇದ್ದ, ಇನ್ನೊಬ್ಬರ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿ ಕುಟುಂಬಗಳಿಗೆ ಮನೆ ಪರಿಹಾರದ ಮಾತೇ ಬರಲಿಲ್ಲ. ಮನೆ ಅವರ ಹೆಸರಲ್ಲಿ ಇಲ್ಲವಲ್ಲ. ಕೆಲವರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲ ನೀರಿನಲ್ಲಿ ಹೋಗಿತ್ತು. ಅಂದಿನಿಂದ ಗುಂಪು ಎಲ್ಲರಿಗೂ ಸಮನಾಗಿ ಹಂಚುವುದನ್ನು ಬಿಟ್ಟು, ಈ ಕುಟುಂಬಗಳ ಕಡೆ ತಿರುಗಿತು. ಊರಿನಲ್ಲಿ ಸ್ವಲ್ಪ ಗೊಣಗಾಟ ಆಯಿತು. ತವರಿನ ಹೆಣ್ಣುಮಗಳ ಅಣ್ಣಂದಿರೇ ನಿಂತು ಸಮಾಧಾನ ಮಾಡಿದರು.

ಅಕ್ಟೋಬರ್

ಸೆಪ್ಟೆಂಬರ್ ಹೊತ್ತಿಗೆ ಊರೂರಿನ ಡಬ್ಬಿಗಳು ಮಾಯ ಆಗಿದ್ದವು. ಈ ಡಬ್ಬಿಯೂ ಸೊರಗಿತ್ತು. ದಸರಾ ಖರ್ಚು ಬೇರೆ. ಖಾತೆಯಲ್ಲಿದ್ದ ಹಣವನ್ನು ಒಂದೇ ಸಲ ಕೊಟ್ಟು ಮುಗಿಸಿಬಿಡೋಣ ಅಂತ ಹಲವರು ಹೇಳಿದರು. ಹಿರಿಯ ಹಮಾಲರು ಮತ್ತು ಲೆಕ್ಕ ಬರೆಯುವ ಗುಮಾಸ್ತರು ತಡೆದರು. ಗೋಡೆ ಇನ್ನೂ ಬೀಳುತ್ತಿವೆ, ಅರ್ಧ ಇರಲಿ ಅಂದರು.

ಅಕ್ಟೋಬರ್ ಮೂರನೇ ವಾರ, ದೀಪಾವಳಿಗೆ ಕೆಲವೇ ದಿನ ಇರುವಾಗ ಮತ್ತೆ ಮಳೆ ಹೊಡೆಯಿತು. ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿ ಮತ್ತೆ ನೆರೆ. ಆಗಸ್ಟ್‌ನಲ್ಲಿ ಸೋರಿದ್ದ ಮನೆಗಳು ಈಗ ನೆಲ ಕಂಡವು. ಆದರೆ ಈ ಸಲ ಮೈಕ್ ಇಲ್ಲ, ಲಾರಿ ಇಲ್ಲ, ಬಟ್ಟೆ ಹಿಡಿದ ಹುಡುಗರೂ ಇಲ್ಲ. ಒಂದೇ ವರ್ಷದಲ್ಲಿ ಎರಡನೇ ಸಲ ಮರುಗಲು ಜನರಿಗೆ ಆಗಲಿಲ್ಲ. ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ. ಮನಸ್ಸು ಹಾಗೇ ಇರುವುದು. ಅದಕ್ಕೇ ಮರುಗಿದ ಹೊತ್ತಿನಲ್ಲಿ ಬಂದ ಹಣದಲ್ಲಿ ಒಂದು ಪಾಲು ಎತ್ತಿಡಬೇಕು.

ಇವರ ಖಾತೆಯಲ್ಲಿ ಅರ್ಧ ಹಣ ಇತ್ತು. ಫೋನ್ ಬಂದ ಮರುದಿನವೇ ತಾಡಪತ್ರಿ ಆ ಊರು ಸೇರಿತು. ಹೊಸದಾಗಿ ಯಾರನ್ನೂ ಕೇಳಬೇಕಾಗಲಿಲ್ಲ.

ನವೆಂಬರ್‌ನಲ್ಲಿ ಮೆಕ್ಕೆಜೋಳ ಬಂತು, ಡಬ್ಬಿ ಮತ್ತೆ ತುಂಬತೊಡಗಿತು. ಆ ಹಣದಲ್ಲಿ ಬಾಡಿಗೆ ಕುಟುಂಬಗಳಿಗೆ ತಗಡು ಹಾಕಿಕೊಟ್ಟರು, ಮಕ್ಕಳಿಗೆ ನೋಟ್‌ಬುಕ್ ಕೊಡಿಸಿದರು. ಆದರೆ ಅಂಗಡಿಗಳ ಪಾಲು ತಗ್ಗಿತು. "ಇನ್ನೂ ಎಷ್ಟು ದಿನ ಅಂತ ಹೇಳ್ರಪ್ಪಾ" ಅಂತ ಒಬ್ಬರು ಕೇಳಿದರು. ಹೌದು, ಅದುವರೆಗೆ ಯಾರೂ ಕೊನೆ ದಿನ ಹೇಳಿರಲಿಲ್ಲ. ಕೊನೆ ಕಾಣದ ದಾನ ಕೊಡುವವರಿಗೆ ಹೊರೆ ಅನ್ನಿಸುತ್ತದೆ. ಸಂಕ್ರಾಂತಿಗೆ ಡಬ್ಬಿ ಎತ್ತುತ್ತೇವೆ ಅಂತ ಹಲಗೆ ಮೇಲೆ ಬರೆದರು. ಬರೆದ ಮೇಲೆ ಹಿಂದೆ ಸರಿದಿದ್ದ ಅಂಗಡಿಗಳೂ ಬಾಕಿ ಪಾಲು ತಂದು ಕೊಟ್ಟವು. ಶುರುವಿನಲ್ಲೇ ದಿನ ಗೊತ್ತು ಮಾಡಿದ್ದರೆ ಡಿಸೆಂಬರ್‌ನ ಎಳೆದಾಟ ಇರುತ್ತಿರಲಿಲ್ಲ ಅಂತ ಗುಮಾಸ್ತರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಆಗದೇ ಉಳಿದದ್ದೂ ಇದೆ. ಕೆಲಸ ಹುಡುಕಿ ಗುಳೆ ಹೋದ ಕೆಲವು ಕುಟುಂಬಗಳನ್ನು ಇವರು ಮುಟ್ಟಲೇ ಇಲ್ಲ. ಅವರ ಹೆಸರು ಪಟ್ಟಿಯಲ್ಲಿದೆ, ಎದುರಿಗೆ ಸಹಿ ಇಲ್ಲ.

ಆಮೇಲೆ

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕಡೆ ಗುಡ್ಡ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ಡಬ್ಬಿ ಮತ್ತೆ ಹೊರಗೆ ಬಂತು. ಈ ಸಲ ಮೊದಲ ದಿನವೇ ಕೊನೆ ದಿನವನ್ನೂ ಹಲಗೆ ಮೇಲೆ ಬರೆದರು. ಬಟ್ಟೆ ಬೇಡ ಅನ್ನುವ ಸಾಲೂ ಇತ್ತು. ಮಲಪ್ರಭೆ ಕಡೆ ಮಾಡಿದ ಹಾಗೆ ಒಂದು ಊರು ಹಿಡಿಯೋಣ ಅಂತ ಹುಡುಗರು ಹೇಳಿದರು. ಹಿರಿಯರು ಒಪ್ಪಲಿಲ್ಲ. "ಅಲ್ಲಿ ಫೋನ್ ಎತ್ತಿ ನಿಜ ಹೇಳೋರು ನಮಗೆ ಯಾರಿದಾರೆ? ಭಾಷೆನೂ ಬರಲ್ಲ. ಸುಮ್ನೆ ಹೋಗಿ ಅವರ ಕೆಲಸಕ್ಕೆ ಅಡ್ಡ ಆಗೋದು ಬ್ಯಾಡ." ಕೂಡಿದ ಹಣವನ್ನು ಪೂರ್ತಿ ಕೇರಳ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕಳಿಸಿ, ಬ್ಯಾಂಕ್ ರಸೀದಿಯನ್ನು ಹಲಗೆ ಪಕ್ಕ ಅಂಟಿಸಿದರು.